ಕವಿಯ ನಾಡು, ನಕಾಶೆಯ ಹಾಳೆ

ಗಡಿನಾಡಿನ ಸಾಹಿತ್ಯ ಸಂಶೋಧನೆಯ ಲೇಖನಗಳಲ್ಲಿ ಈಚೆಗೆ ಒಂದು ಪದ್ಧತಿ ಬೆಳೆದು ಬಂದಿದೆ. ಲೇಖನದ ಕೊನೆಗೆ ಒಂದು ನಕಾಶೆಯನ್ನು ಜೋಡಿಸುವುದು ಆ ಪದ್ಧತಿ. ಇದನ್ನು ನಾವು ಸ್ವಾಗತಿಸುತ್ತೇವೆ. ಊರುಗಳ ಹೆಸರನ್ನು ಹತ್ತು ಪುಟ ಓದಿದರೂ ತಿಳಿಯದ ಸಂಗತಿ ಒಂದು ಅಂಗೈಯಗಲದ ಚಿತ್ರದಿಂದ ತಿಳಿಯುತ್ತದೆಂಬುದು ಪಾಠ ಹೇಳುವವರಿಗೆ ಹೊಸತಲ್ಲ. ಆದರೆ ಇಂಥ ನಕಾಶೆಗಳಲ್ಲಿ ನಮ್ಮ ಕಣ್ಣಿಗೆ ಬಿದ್ದವುಗಳ ಪೈಕಿ ಹೆಚ್ಚಿನವಕ್ಕೆ ಮಾನವಿಲ್ಲ, ದಿಕ್ಕಿನ ಬಾಣವಿಲ್ಲ, ಅಕ್ಷಾಂಶ ರೇಖಾಂಶಗಳ ಸುಳಿವಂತೂ ಇಲ್ಲವೇ ಇಲ್ಲ. ಈಗಿನ ಕರ್ನಾಟಕ ರಾಜ್ಯದ ಹೊರಗೆರೆಯನ್ನು ಎತ್ತಿಕೊಂಡು ಅದರೊಳಗೆ ಕವಿಗಳ, ಶರಣರ ಊರುಗಳಿಗೆ ಚುಕ್ಕೆಯಿಟ್ಟರೆ ಕೆಲಸ ಮುಗಿಯಿತೆಂದು ಲೇಖಕರು ಭಾವಿಸಿದಂತೆ ತೋರುತ್ತದೆ. ಹೀಗೆ ಮಾಡಿದಾಗ ಸಿದ್ಧರಾಮನ ಸೊನ್ನಲಿಗೆ ಎಲ್ಲಿ ಬೀಳುತ್ತದೆ? ಗೆರೆಯ ಹೊರಗಿನ ಬಿಳಿಯ ಜಾಗದಲ್ಲಿ, ಅನೇಕ ವೇಳೆ ಸೂಚಿಯನ್ನು ಬರೆಯುವ ಚೌಕದ ಕೆಳಗೆ ಅದು ಮುಚ್ಚಿಹೋಗುತ್ತದೆ. ಅತ್ತ ಮಹಾರಾಷ್ಟ್ರದ ನಕಾಶೆಯನ್ನು ತೆಗೆದರೆ ಸೊಲ್ಲಾಪುರ ಅಕ್ಕಲಕೋಟೆಗಳು ಕೆಳಗಿನ ಅಂಚಿಗೆ ಒತ್ತಿ ನಿಂತಿರುತ್ತವೆ. ಭೀಮೆಯ ಆಚೆಗೆ ಭೂಮಿಯೇ ಇಲ್ಲವೇನೋ ಎಂಬಂತೆ ಕಾಗದ ಖಾಲಿಯಾಗಿರುತ್ತದೆ.

ಇದು ಚಿತ್ರ ಬರೆಯುವವನ ಅಜಾಗರೂಕತೆ ಮಾತ್ರವಾಗಿದ್ದರೆ ನಾವು ಇಷ್ಟು ಪುಟಗಳನ್ನು ಕೇಳುತ್ತಿರಲಿಲ್ಲ. ನಕಾಶೆಯ ದೋಷ ಮೆಲ್ಲಗೆ ಗ್ರಂಥದ ಅರ್ಥದೊಳಕ್ಕೆ ಇಳಿಯುತ್ತದೆ. ಯಾವ ಬಗೆಯ ನಕಾಶೆಯನ್ನು ಮುಂದಿಟ್ಟುಕೊಂಡು ಪದ್ಯವನ್ನು ಓದುತ್ತೇವೆಯೋ ಆ ನಕಾಶೆಯ ಗೆರೆಗಳೇ ಕವಿಯ ಗೆರೆಗಳೆಂಬ ಭ್ರಮೆ ಹುಟ್ಟುತ್ತದೆ. ಕವಿರಾಜಮಾರ್ಗದ ನಾಡಿನ ವರ್ಣನೆಯನ್ನು ಕುರಿತು ನಮ್ಮ ಭಾಗದಲ್ಲಿ ನಡೆದಿರುವ ವಾದಗಳಲ್ಲಿ ಈ ಭ್ರಮೆಯ ಪಾಲು ದೊಡ್ಡದೆಂದು ನಮ್ಮ ಅಭಿಪ್ರಾಯ. ಅದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ನಕಾಶೆಗಳ ಬಗೆಗಳನ್ನು ಶಿಕ್ಷಕ ಬಂಧುಗಳಿಗೆ ವಿಸ್ತರಿಸಿ ಹೇಳಬೇಕಾದುದಿಲ್ಲ. ಬೆಟ್ಟ, ಹೊಳೆ, ಏರುತಗ್ಗುಗಳನ್ನು ತೋರಿಸುವ ಪ್ರಾಕೃತಿಕ ನಕಾಶೆ. ಆಡಳಿತದ ಎಲ್ಲೆಗಳನ್ನು ತೋರಿಸುವ ರಾಜಕೀಯ ನಕಾಶೆ. ಮಳೆ, ಬೆಳೆ, ಜನಸಂಖ್ಯೆ, ಭಾಷೆ ಮುಂತಾದ ಒಂದೇ ವಿಷಯದ ಹರಹನ್ನು ತೋರಿಸುವ ವಿಷಯ ನಕಾಶೆ. ಮಾನದ ದೃಷ್ಟಿಯಿಂದ ತಲಾಠಿಯ ದಫ್ತರದ ಗ್ರಾಮ ನಕಾಶೆಯಿಂದ ಹಿಡಿದು ಭಾರತ ಸರ್ವೇಕ್ಷಣ ಇಲಾಖೆಯ ಹಾಳೆಗಳನ್ನು ಹಾಯ್ದು ಗೋಡೆಯ ಭೂಪಟದವರೆಗೆ ಬೇರೆ ಬೇರೆ ಮೆಟ್ಟಲುಗಳಿವೆ. ಹಾಗೆಯೇ ಸ್ಥಾನವನ್ನು ಹೇಳುವ ಬಗೆಗಳು ಎರಡು. ಅಕ್ಷಾಂಶ ರೇಖಾಂಶಗಳಿಂದ ಹೇಳಿದರೆ ಅದು ನಿರಪೇಕ್ಷ ಸ್ಥಾನ. ಹೊಳೆಯ ದಂಡೆ, ಪೇಟೆಯ ಪೂರ್ವ, ಎರಡು ದಾರಿ ಕೂಡುವಲ್ಲಿ ಎಂದು ಹೇಳಿದರೆ ಅದು ಸಾಪೇಕ್ಷ ಸ್ಥಾನ. ಐದನೆಯ ಇಯತ್ತೆಯ ಹುಡುಗನಿಗೆ ಗೊತ್ತಿರುವ ಈ ಭೇದವನ್ನು ನಮ್ಮ ಸಂಶೋಧಕರು ಲೇಖನಿ ಹಿಡಿದೊಡನೆ ಮರೆತುಬಿಡುವುದು ಸೋಜಿಗ.

ಮೊದಲು ನಮ್ಮ ಎರಡು ಊರುಗಳನ್ನೇ ತೆಗೆದುಕೊಳ್ಳೋಣ. ಸೊಲ್ಲಾಪುರವು ಉತ್ತರ ಅಕ್ಷಾಂಶ ೧೭° ೪೦′, ಪೂರ್ವ ರೇಖಾಂಶ ೭೫° ೫೪′ರ ಸುಮಾರಿಗೆ ಇದೆ. ಅಕ್ಕಲಕೋಟೆಯು ೧೭° ೩೧′, ೭೬° ೧೨′ರ ಸುಮಾರಿಗೆ ಇದೆ. ನೆಟ್ಟಗೆ ಅಳೆದರೆ ನಡುವಿನ ಅಂತರ ಸುಮಾರು ೩೫ ಕಿಲೋಮೀಟರು. ಐವತ್ತು ಸಾವಿರಕ್ಕೆ ಒಂದರ ಮಾನದಲ್ಲಿ ಇದು ೭೦ ಸೆಂಟಿಮೀಟರು, ಹತ್ತು ಲಕ್ಷಕ್ಕೆ ಒಂದರ ಮಾನದಲ್ಲಿ ಮೂರೂವರೆ ಸೆಂಟಿಮೀಟರು, ನಲವತ್ತು ಲಕ್ಷಕ್ಕೆ ಒಂದರ ಗೋಡೆಯ ಭೂಪಟದಲ್ಲಿ ಒಂಬತ್ತೇ ಮಿಲಿಮೀಟರು. ಅಕ್ಕಲಕೋಟೆಯಲ್ಲಿ ಸೂರ್ಯನು ನೆತ್ತಿಗೆ ಬರುವುದು ಸೊಲ್ಲಾಪುರಕ್ಕಿಂತ ೭೨ ಸೆಕೆಂಡು ಮೊದಲು. ಒಂದೇ ಬಸ್ಸಿನಲ್ಲಿ ದಿನಾಲು ಹೋಗಿಬರುವ ನಮ್ಮ ಶಿಕ್ಷಕರಿಗೆ ಈ ಎರಡು ಊರುಗಳು ಒಂದೇ ಅಂಗಳದ ಎರಡು ಮನೆಗಳಿದ್ದಂತೆ.

ಆದರೆ ಹಳೆಯ ಸರ್ವೇ ಹಾಳೆಗಳಲ್ಲಿ ಇವೆರಡೂ ಎಂದೂ ಒಂದು ಕಡೆ ಕುಳಿತಿಲ್ಲ. ಸೊಲ್ಲಾಪುರದ ಪೂರ್ವಕ್ಕೆ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ೭೬°ಯ ರೇಖಾಂಶ ಹಾಯ್ದುಹೋಗುತ್ತದೆ. ಸರ್ವೇಕ್ಷಣ ಇಲಾಖೆಯು ನಾಲ್ಕು ಅಂಶ ಉದ್ದ, ನಾಲ್ಕು ಅಂಶ ಅಗಲದ ಮನೆಗಳನ್ನು ಮಾಡಿ ಸಂಖ್ಯೆ ಕೊಟ್ಟಾಗ ೭೨ರಿಂದ ೭೬ರ ವರೆಗಿನ ಮನೆಗೆ ೪೭ ಎಂದೂ, ೭೬ರಿಂದ ೮೦ರ ವರೆಗಿನ ಮನೆಗೆ ೫೬ ಎಂದೂ ಹೆಸರಾಯಿತು. ಆದ್ದರಿಂದ ಸೊಲ್ಲಾಪುರವಿರುವ ಹಾಳೆ ೪೭ ಓ/೧೪. ಅಕ್ಕಲಕೋಟೆಯಿರುವ ಹಾಳೆ ೫೬ ಸಿ/೨. ಪಕ್ಕಪಕ್ಕದ ಹಾಳೆಗಳೇ, ಆದರೆ ಸಂಖ್ಯೆಯನ್ನು ನೋಡಿದವನು ಒಂದು ಕೊಂಕಣದ ಕಡೆಯದು, ಇನ್ನೊಂದು ತೆಲಂಗಾಣದ ಕಡೆಯದು ಎಂದುಕೊಂಡಾನು. ಅಕ್ಕಲಕೋಟೆಯಂತೂ ತನ್ನ ಹಾಳೆಯ ದಕ್ಷಿಣದ ಅಂಚಿಗೆ ಮೂರು ಕಿಲೋಮೀಟರಿಗಿಂತ ಹತ್ತಿರದಲ್ಲಿದೆ. ಮೈಂದರಗಿ, ದುಧನಿಗಳನ್ನು ನೋಡಬೇಕಾದರೆ ಮತ್ತೊಂದು ಹಾಳೆಯನ್ನು ತೆರೆಯಬೇಕು. ೨೦೦೫ರ ರಾಷ್ಟ್ರೀಯ ನಕ್ಷೆ ನೀತಿಯ ಅನಂತರ ಸಾರ್ವಜನಿಕರಿಗಾಗಿ ಹೊರಟ ಹೊಸ ಮಾಲಿಕೆಯಲ್ಲಿ ಮನೆಗಳ ಅಗಲ ಆರು ಅಂಶವಾಯಿತು. ಆ ಲೆಕ್ಕದಲ್ಲಿ ೭೨ರಿಂದ ೭೮ರ ವರೆಗೆ ಒಂದೇ ಮನೆ. ಸೊಲ್ಲಾಪುರವೂ ಅಕ್ಕಲಕೋಟೆಯೂ ಈಗ ಇ ೪೩ ಎಂಬ ಒಂದೇ ಹೆಸರಿನ ಕೆಳಗೆ ಬಂದಿವೆ. ನೆಲ ಒಂದಿಂಚೂ ಅಲುಗಲಿಲ್ಲ. ಗೆರೆ ಎಲ್ಲಿ ಬೀಳಬೇಕೆಂಬುದನ್ನು ಕಾಗದ ಕತ್ತರಿಸುವವರು ತೀರ್ಮಾನಿಸಿದರು, ಅಷ್ಟೆ. ಈ ಸಣ್ಣ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕೆಂದು ಕೋರುತ್ತೇವೆ.

ಇನ್ನು ಕವಿರಾಜಮಾರ್ಗಕ್ಕೆ ಬರೋಣ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಕ್ರಿ. ಶ. ೮೫೦ರ ಸುಮಾರಿಗೆ, ಶ್ರೀವಿಜಯನು ರಚಿಸಿದ ಈ ಗ್ರಂಥದಲ್ಲಿ ಕನ್ನಡ ನಾಡಿನ ವಿಸ್ತಾರವನ್ನು ಹೇಳುವ ಮಾತು ಎಲ್ಲರಿಗೂ ಬಾಯಿಪಾಠವಾಗಿದೆ. ಕಾವೇರಿಯಿಂದ ಗೋದಾವರಿಯವರೆಗೆ ಇರುವ ನಾಡು ಎಂಬುದು ಅದರ ತಾತ್ಪರ್ಯ. ಅದಾದ ಮೇಲೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಣ ನಾಡು ಕನ್ನಡದ ತಿರುಳು ಎಂಬ ಮಾತು ಬರುತ್ತದೆ. ಇವು ಅನುಕ್ರಮವಾಗಿ ಈಗಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೈಲಹೊಂಗಲ ತಾಲೂಕಿನ ವಕ್ಕುಂದ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಈ ಎರಡು ಮಾತುಗಳನ್ನು ಹಿಡಿದು ನಮ್ಮ ಗಡಿಯಲ್ಲಿ ಎರಡು ಪಂಗಡಗಳಾಗಿವೆ. ಒಂದು ಪಂಗಡದವರು ಗೋದಾವರಿಯನ್ನು ಹಿಡಿದವರು. ಅವರು ರಾಜಕೀಯ ನಕಾಶೆಯ ಮೇಲೆ ಗೋದಾವರಿಯುದ್ದಕ್ಕೂ ದಪ್ಪನೆಯ ಗೆರೆಯೆಳೆದು, ಕವಿ ಹಾಕಿಕೊಟ್ಟ ಎಲ್ಲೆ ಇದೇ ಎನ್ನುತ್ತಾರೆ. ಮತ್ತೊಂದು ಪಂಗಡದವರು ತಿರುಳನ್ನು ಹಿಡಿದವರು. ಇವರಲ್ಲಿ ಹೊರಗಿನ ಪಂಡಿತರೇ ಹೆಚ್ಚೆನ್ನಬೇಕು. ಆದರೆ ನಮ್ಮವರೂ ಇದ್ದಾರೆ. ಸೊಲ್ಲಾಪುರ ಅಕ್ಕಲಕೋಟೆಗಳು ತಿರುಳಿನಿಂದ ಬಲು ದೂರ, ಆದ್ದರಿಂದ ಇಲ್ಲಿಯದು ಅಂಚಿನ ಕನ್ನಡ, ಸಿಪ್ಪೆಯ ಕನ್ನಡ ಎಂಬುದು ಅವರ ತೀರ್ಮಾನ. ಈ ತೀರ್ಮಾನ ಸಾಹಿತ್ಯ ಚರ್ಚೆಯಲ್ಲೇ ನಿಂತರೆ ಚಿಂತೆಯಿರಲಿಲ್ಲ. ಅದು ಶಾಲೆಯೊಳಗೂ ಬಂದಿದೆ. ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಯ ಹುಡುಗಿಯೊಬ್ಬಳು ನಿಬಂಧದಲ್ಲಿ ತನ್ನ ಮನೆಯ ಮಾತನ್ನು ಬರೆದರೆ, ನಿಘಂಟನ್ನು ತೆರೆದು ನೋಡುವ ಮೊದಲೇ ಕೆಂಪು ಮಸಿ ಓಡುತ್ತದೆ.

ಎರಡು ಪಂಗಡದವರೂ ಕವಿಯ ಮಾತನ್ನು ತಪ್ಪು ನಕಾಶೆಯ ಮೇಲೆ ಇಟ್ಟಿದ್ದಾರೆಂಬುದು ನಮ್ಮ ವಾದ. ಮೊದಲನೆಯವರನ್ನು ಮೊದಲು ವಿಚಾರಿಸೋಣ. ಕಾವೇರಿಯು ದಕ್ಷಿಣದ ಗುರುತು, ಗೋದಾವರಿಯು ಉತ್ತರದ ಗುರುತು. ಪೂರ್ವ ಪಶ್ಚಿಮಗಳನ್ನು ಕವಿ ಹೇಳಿದ್ದಾನೆಯೇ? ಇಲ್ಲ. ಎರಡು ಗೆರೆಗಳಿಂದ ಕ್ಷೇತ್ರ ಆಗುವುದಿಲ್ಲವೆಂಬುದು ಭೂಮಿತಿಯ ಮೊದಲ ಪಾಠ. ಅಷ್ಟೇ ಅಲ್ಲದೆ ಈ ಎರಡು ಹೊಳೆಗಳು ಅಕ್ಷಾಂಶದ ಮೇಲೆ ನೆಟ್ಟಗೆ ಹರಿಯುವಂಥವೂ ಅಲ್ಲ. ಗೋದಾವರಿಯು ನಾಸಿಕದ ಬಳಿಯ ತ್ರ್ಯಂಬಕದಲ್ಲಿ, ೨೦°ಯ ಹತ್ತಿರ, ಹುಟ್ಟಿ ಆಗ್ನೇಯಕ್ಕೆ ಸರಿಯುತ್ತ ಸಮುದ್ರ ಸೇರುವ ಹೊತ್ತಿಗೆ ೧೭°ಗೂ ಕೆಳಗೆ ಬಂದಿರುತ್ತದೆ. ಹೀಗಾಗಿ ಗೋದಾವರಿ ಎಂದು ಕವಿ ಹೇಳಿದಾಗ ಅದರ ಯಾವ ಭಾಗ ಎಂಬ ಪ್ರಶ್ನೆ ಉಳಿಯುತ್ತದೆ. ಈ ಪ್ರಶ್ನೆ ಕವಿಗೆ ತೊಡಕಾಗಿ ಕಾಣಲಿಲ್ಲ, ಏಕೆಂದರೆ ಅವನು ಎಲ್ಲೆಯನ್ನು ಅಳೆಯಲು ಹೊರಟವನಲ್ಲ. ದಾರಿ ಕೇಳಿದ ಪರಸ್ಥಳದವನಿಗೆ ‘ಈ ಹೊಳೆಯಿಂದ ಆ ಹೊಳೆಯವರೆಗೆ’ ಎಂದು ಕೈಬೀಸಿ ತೋರಿಸುವ ಹಿರಿಯನ ಮಾತಿನ ಧಾಟಿ ಅದು. ಪ್ರಾಕೃತಿಕ ನಕಾಶೆಯ ಮೇಲೆ ಹೇಳಿದ ಸಾಪೇಕ್ಷ ಸ್ಥಾನ. ಅದನ್ನು ೧೯೫೬ರ ರಾಜ್ಯ ಪುನರ್ವಿಂಗಡಣೆಯ ಅನಂತರದ ರಾಜಕೀಯ ನಕಾಶೆಗೆ ತಂದು ಅಂಟಿಸಿದರೆ ಕವಿಯ ಮೇಲೆ ಅವನು ಆಡದ ಮಾತಿನ ಭಾರ ಬೀಳುತ್ತದೆ.

ಆದರೂ ಆ ಮಾತಿನಲ್ಲಿ ನಮ್ಮ ಊರುಗಳಿಗೆ ಸಲ್ಲತಕ್ಕ ಸ್ಥಾನ ಸಂದೇಹಕ್ಕೆಡೆಯಿಲ್ಲದಂತೆ ಸಿಗುತ್ತದೆ. ೭೬°ಯ ರೇಖಾಂಶವನ್ನೇ ಹಿಡಿದು ದಕ್ಷಿಣದಿಂದ ಉತ್ತರಕ್ಕೆ ನಡೆಯಿರಿ. ಕಾವೇರಿ ೧೨½°ಯ ಒಳಗೆ ಸಿಗುತ್ತದೆ. ಗೋದಾವರಿ ೧೯°ಯನ್ನು ಸ್ವಲ್ಪ ದಾಟಿದ ಮೇಲೆ ಸಿಗುತ್ತದೆ. ನಡುವೆ ಸುಮಾರು ಏಳು ಅಂಶ, ೭೫೦ ಕಿಲೋಮೀಟರಿಗೂ ಮಿಕ್ಕ ದಾರಿ. ಸೊಲ್ಲಾಪುರ ಅಕ್ಕಲಕೋಟೆಗಳು ಈ ದಾರಿಯಲ್ಲಿ ೧೭½°ಯ ಆಸುಪಾಸಿಗೆ ಬರುತ್ತವೆ. ಇನ್ನೂ ಒಂದು ಚೆಂದದ ಲೆಕ್ಕ: ಪಟ್ಟದಕಲ್ಲಿನಿಂದ ಸೊಲ್ಲಾಪುರಕ್ಕೆ ಎಷ್ಟು ಅಂಶ ಉತ್ತರವೋ, ಸೊಲ್ಲಾಪುರದಿಂದ ಗೋದಾವರಿಗೂ ಹೆಚ್ಚುಕಡಿಮೆ ಅಷ್ಟೇ ಅಂಶ, ಎಂದರೆ ಒಂದು ಮುಕ್ಕಾಲು ಅಂಶದಷ್ಟು. ತಿರುಳಿಗೂ ಉತ್ತರದ ಹೊಳೆಗೂ ನಡುಮಧ್ಯದಲ್ಲಿ ನಮ್ಮ ಊರು ಇದೆ. ಅಂಚು ಎಂದು ಕರೆಯಲು ಕವಿಯ ಮಾತಿನಲ್ಲಿ ಆಧಾರವೇ ಇಲ್ಲ.

ಇನ್ನು ತಿರುಳಿನವರು. ಇಲ್ಲಿ ನಾವು ಸ್ಪಷ್ಟವಾಗಿ ಒಪ್ಪಬೇಕಾದ ಮಾತೊಂದಿದೆ. ಸೊಲ್ಲಾಪುರವಾಗಲಿ ಅಕ್ಕಲಕೋಟೆಯಾಗಲಿ ಆ ನಾಲ್ಕು ಊರುಗಳ ನಡುವೆ ಬರುವುದಿಲ್ಲ. ಅಭಿಮಾನಕ್ಕಾಗಿ ಒಂಕುಂದವನ್ನೋ ಕೊಪಣವನ್ನೋ ಭೀಮಾತೀರಕ್ಕೆ ಎಳೆದು ತರುವ ಸಾಹಸ ಯಾರೂ ಮಾಡಕೂಡದು. ನಾಲ್ಕು ಚುಕ್ಕೆಗಳನ್ನು ಸೇರಿಸಿದರೆ ದೊರೆಯುವ ಚತುರ್ಭುಜದ ಯಾವ ಬದಿಯೂ ನೂರು ಕಿಲೋಮೀಟರನ್ನು ಮೀರುವುದಿಲ್ಲ. ಏಳು ಅಂಶದ ನಾಡಿನಲ್ಲಿ ಇದು ಅಂಗೈಯಷ್ಟು ಜಾಗ. ಭೂಪಟ ಪುಸ್ತಕದಲ್ಲಿ ಮೊದಲು ಜಗತ್ತು, ಆಮೇಲೆ ದೇಶ, ಆಮೇಲೆ ಮೂಲೆಯ ಚೌಕದಲ್ಲಿ ದೊಡ್ಡ ಮಾನದ ಚಿಕ್ಕ ನಕಾಶೆ ಬರುತ್ತದಲ್ಲವೇ, ಶ್ರೀವಿಜಯನ ಕ್ರಮವೂ ಅದೇ. ಭೂವಲಯವನ್ನು ಹೇಳಿ, ಅದರಲ್ಲಿ ಈ ನಾಡನ್ನು ಬೇರೆಯಾಗಿ ತೋರಿಸಿ, ಅದರೊಳಗೆ ತಿರುಳಿನ ಚೌಕವನ್ನು ಬಿಡಿಸುತ್ತಾನೆ. ಮಾನ ಬದಲಾಯಿತು, ಜೊತೆಗೆ ನಕಾಶೆಯ ಬಗೆಯೂ ಬದಲಾಯಿತು. ಹೊಳೆಗಳ ಮಾತು ಭೂಮಿಯನ್ನು ಕುರಿತದ್ದು. ತಿರುಳಿನ ಮಾತು ಕಾವ್ಯಕ್ಕೆ ತಕ್ಕ ನುಡಿಯ ಹದವನ್ನು ಕುರಿತದ್ದು. ಎರಡನೆಯದು ವಿಷಯ ನಕಾಶೆ.

ವಿಷಯ ನಕಾಶೆಯಲ್ಲಿ ಹೊರಗೆ ಉಳಿದುದೆಲ್ಲ ಪರರ ನೆಲವಾಗುವುದಿಲ್ಲ. ಇದಕ್ಕೆ ನೃಪತುಂಗನ ರಾಜಧಾನಿಗಿಂತ ದೊಡ್ಡ ನಿದರ್ಶನ ಬೇಡ. ಮಾನ್ಯಖೇಟ, ಈಗಿನ ಕಲಬುರ್ಗಿ ಜಿಲ್ಲೆಯ ಮಳಖೇಡ, ಸುಮಾರು ೧೭° ೧೧′ ಉತ್ತರ, ೭೭° ೧೦′ ಪೂರ್ವದಲ್ಲಿದೆ. ಅಲ್ಲಿಂದ ತಿರುಳಿನ ನಾಲ್ಕು ಊರುಗಳಲ್ಲಿ ಅತ್ಯಂತ ಸಮೀಪದ ಪಟ್ಟದಕಲ್ಲಿಗೆ ನೇರ ಅಂತರ ೨೦೦ ಕಿಲೋಮೀಟರಿನ ಹತ್ತಿರ ಆಗುತ್ತದೆ. ಅಕ್ಕಲಕೋಟೆಗಾದರೋ ಅದೇ ಮಳಖೇಡದಿಂದ ೧೧೦ ಕಿಲೋಮೀಟರು ಕೂಡ ಇಲ್ಲ. ಗ್ರಂಥ ಹುಟ್ಟಿದ ಆಸ್ಥಾನವೇ ತಿರುಳಿನ ಹೊರಗಿದೆ! ಕವಿ ತನ್ನ ಒಡೆಯನ ರಾಜಧಾನಿಯನ್ನು ಓಲೈಕೆಗಾಗಿ ಚೌಕದೊಳಗೆ ಸೇರಿಸಲಿಲ್ಲ. ಸೇರಿಸದೆ ಬಿಟ್ಟುದರಿಂದ ಮಳಖೇಡವು ಕನ್ನಡವಲ್ಲದ ಊರಾಗಲಿಲ್ಲ. ತಿರುಳಿನಿಂದಿರುವ ದೂರವನ್ನೇ ಅಳತೆಗೋಲು ಮಾಡಿಕೊಂಡು ಅಕ್ಕಲಕೋಟೆಯ ಕನ್ನಡವನ್ನು ಸಿಪ್ಪೆಯೆನ್ನುವವರು ನೃಪತುಂಗನ ಅಂಗಳದ ಕನ್ನಡವನ್ನು ಏನೆಂದು ಕರೆಯುತ್ತಾರೆ? ಇದಕ್ಕೆ ಉತ್ತರ ಕೊಟ್ಟ ಮೇಲೆ ಅವರು ಮುಂದುವರಿಯಬಹುದು.

ಒಂದು ಆಕ್ಷೇಪವನ್ನು ಇಲ್ಲಿ ಎತ್ತಬಹುದು. ತಿರುಳು ಎಂದ ಮೇಲೆ ಉಳಿದುದು ಕೆಳದರ್ಜೆಯದೆಂದು ಕವಿಯೇ ಸೂಚಿಸಿದಂತಾಗಲಿಲ್ಲವೇ ಎಂದು. ಆದರೆ ಅದೇ ಗ್ರಂಥದಲ್ಲಿ, ಪ್ರದೇಶ ಪ್ರದೇಶಕ್ಕೂ ಕನ್ನಡ ಬೇರೆ ಬೇರೆಯಾಗಿರುವುದರಿಂದ ಅವುಗಳ ದೋಷವಿಷ್ಟೆಂದು ಎಣಿಸಹೊರಟರೆ ಸಾವಿರ ನಾಲಗೆಯ ವಾಸುಕಿಯೂ ಬೇಸತ್ತಾನೆಂಬ ಅಭಿಪ್ರಾಯ ಬರುತ್ತದೆ. ನುಡಿಯ ಭೇದಗಳು ಒಂದು ಗೆರೆಯಲ್ಲಿ ಥಟ್ಟನೆ ಕಡಿದುಹೋಗುವುದಿಲ್ಲ, ಊರಿಂದ ಊರಿಗೆ ಸ್ವಲ್ಪಸ್ವಲ್ಪವೇ ಸರಿಯುತ್ತವೆ ಎಂಬ ಅರಿವು ಅವನಿಗಿತ್ತು. ಮಳೆಯ ನಕಾಶೆಯಲ್ಲಿ ಸಮವೃಷ್ಟಿ ರೇಖೆಗಳನ್ನು ಎಳೆಯುವಂತೆ ಎಳೆಯಬೇಕಾದ ಗೆರೆಗಳಿವು. ಸಮವೃಷ್ಟಿ ರೇಖೆಯ ಆಚೆ ಹೊಲದಲ್ಲಿ ಮಳೆ ನಿಂತುಹೋಗುತ್ತದೆಂದು ಯಾವ ಒಕ್ಕಲಿಗನೂ ತಿಳಿಯುವುದಿಲ್ಲ.

ಪ್ರಕ್ಷೇಪದ ವಿಷಯವಾಗಿ ಎರಡು ಮಾತು ಹೇಳಬೇಕು. ಗುಂಡಗಿನ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವಾಗ ಆಕಾರ, ಕ್ಷೇತ್ರ, ಅಂತರ, ದಿಕ್ಕು ಇವೆಲ್ಲವನ್ನೂ ಒಟ್ಟಿಗೆ ಉಳಿಸಿಕೊಳ್ಳಲಾಗದು; ಒಂದನ್ನು ಕಾಯ್ದರೆ ಇನ್ನೊಂದು ಕೆಡುತ್ತದೆ. ಮರ್ಕೇಟರನು ೧೫೬೯ರಲ್ಲಿ ಹಡಗಿನವರ ಉಪಯೋಗಕ್ಕಾಗಿ ಮಾಡಿದ ಪ್ರಕ್ಷೇಪವು ದಿಕ್ಕನ್ನು ಕಾಯುತ್ತದೆ, ಕ್ಷೇತ್ರವನ್ನು ಧ್ರುವಗಳ ಕಡೆಗೆ ಹಿಗ್ಗಿಸುತ್ತದೆ. ೨೧ ಲಕ್ಷ ಚದರ ಕಿಲೋಮೀಟರಿನ ಗ್ರೀನ್‌ಲ್ಯಾಂಡ್ ಅದರಲ್ಲಿ ೩೨ ಲಕ್ಷದ ಭಾರತಕ್ಕಿಂತ ಎಷ್ಟೋ ದೊಡ್ಡದಾಗಿ ಕಾಣುತ್ತದೆ. ಇದನ್ನು ಕೇಳಿ ತಿಳಿದವರು ಈಗೀಗ ಎಲ್ಲ ತಪ್ಪನ್ನೂ ಪ್ರಕ್ಷೇಪದ ತಲೆಗೆ ಕಟ್ಟಲು ಮುಂದಾಗಿದ್ದಾರೆ. ಕವಿಯ ನಾಡು ನಕಾಶೆಯಲ್ಲಿ ಸರಿಯಾಗಿ ಕೂಡದಿರುವುದಕ್ಕೆ ಪ್ರಕ್ಷೇಪವೇ ಕಾರಣವೆಂಬ ಮಾತೂ ನಮ್ಮ ಕಿವಿಗೆ ಬಿದ್ದಿದೆ. ಲೆಕ್ಕ ಹಾಕಿ ನೋಡೋಣ. ಮರ್ಕೇಟರನ ಪ್ರಕ್ಷೇಪದಲ್ಲಿ ಉದ್ದದ ಹಿಗ್ಗು ಕಾವೇರಿಯ ಬಳಿ ನೂರಕ್ಕೆ ಎರಡೂವರೆಯಷ್ಟು, ಗೋದಾವರಿಯ ಬಳಿ ನೂರಕ್ಕೆ ಆರರಷ್ಟು. ವ್ಯತ್ಯಾಸ ನೂರಕ್ಕೆ ನಾಲ್ಕನ್ನೂ ಮುಟ್ಟದು. ೭೦°ಯ ಅಕ್ಷಾಂಶದಲ್ಲಿ ಒಂದಕ್ಕೆ ಮೂರರ ಹತ್ತಿರ ಹಿಗ್ಗುವ ಪ್ರಕ್ಷೇಪ ನಮ್ಮ ನಾಡಿನ ಮಟ್ಟಿಗೆ ಬಹು ಸೌಮ್ಯವಾಗಿದೆ. ಸರ್ವೇಕ್ಷಣ ಇಲಾಖೆಯ ಹಳೆಯ ಹಾಳೆಗಳು ಬಹುಶಂಕು ಪ್ರಕ್ಷೇಪದವು. ಅಲ್ಲಿ ೪೭ ಓ/೧೪ನ್ನೂ ೫೬ ಸಿ/೨ನ್ನೂ ಅಂಚಿಗೆ ಅಂಚು ಹಚ್ಚಿ ಅಂಟಿಸಿದರೆ ಕಣ್ಣಿಗೆ ಕಾಣುವ ಸಂದು ಬೀಳುವುದಿಲ್ಲ. ಹತ್ತಾರು ಹಾಳೆಗಳನ್ನು ಹೀಗೆ ಕೂಡಿಸುತ್ತ ಹೋದಾಗ ಮಾತ್ರ ಅಂಚುಗಳು ಮುನಿಸಿಕೊಳ್ಳುತ್ತವೆ. ಆದುದರಿಂದ ನಮ್ಮ ವಿಷಯದಲ್ಲಿ ತಪ್ಪು ಪ್ರಕ್ಷೇಪದ್ದಲ್ಲ. ಚೌಕಟ್ಟನ್ನು ಎಲ್ಲಿ ಹಾಕಿದರು, ಯಾವ ಬಗೆಯ ನಕಾಶೆ ತೆಗೆದುಕೊಂಡರು ಎಂಬಲ್ಲಿ ತಪ್ಪು ನಡೆದಿದೆ.

ಸಾಪೇಕ್ಷ ಸ್ಥಾನವನ್ನು ಹೆಸರಿನಲ್ಲೇ ಹೊತ್ತಿರುವ ಊರುಗಳು ಸಂಶೋಧಕರನ್ನು ಇನ್ನೊಂದು ಬಗೆಯಲ್ಲಿ ಕಾಡುತ್ತವೆ. ಕೂಡಲ ಎಂದರೆ ಹೊಳೆಗಳು ಕೂಡುವ ಸ್ಥಳ. ಕೃಷ್ಣೆ ಮಲಪ್ರಭೆಗಳು ಕೂಡುವಲ್ಲಿ ಬಸವಣ್ಣನವರ ಕೂಡಲಸಂಗಮವಿದೆ. ದಕ್ಷಿಣ ಸೊಲ್ಲಾಪುರ ತಾಲೂಕಿನಲ್ಲಿ ಭೀಮೆ ಸೀನೆಗಳು ಕೂಡುವಲ್ಲಿ ಹತ್ತರಸಂಗ ಕೂಡಲವಿದೆ. ಅಲ್ಲಿಯ ಸಂಗಮೇಶ್ವರ ದೇವಾಲಯದಲ್ಲಿ ಶಕ ೯೪೦ರ, ಎಂದರೆ ಕ್ರಿ. ಶ. ೧೦೧೮ರ, ಮರಾಠಿ ಶಾಸನ ದೊರೆತಿದೆ. ಅದನ್ನು ಮರಾಠಿಯ ಅತಿ ಹಳೆಯ ಶಾಸನಗಳಲ್ಲಿ ಎಣಿಸುತ್ತಾರೆ. ಎರಡಕ್ಕೂ ಕೂಡಲವೆಂದು ಹೆಸರು, ಎರಡರಲ್ಲೂ ಸಂಗಮನಾಥ. ನಡುವಿನ ಅಂತರ ನೂರು ಕಿಲೋಮೀಟರಿಗೆ ಮೇಲೆ. ಹೆಸರಿನ ಹೋಲಿಕೆಯೊಂದನ್ನೇ ನಂಬಿ ಒಂದರ ಚರಿತ್ರೆಯನ್ನು ಇನ್ನೊಂದಕ್ಕೆ ಏರಿಸುವವನು ಪಡುವ ಪಾಡು ಹೇಳತೀರದು. ಹಾಗೆಂದು ಹೆಸರು ನಿಷ್ಪ್ರಯೋಜಕವೆಂದಲ್ಲ. ಮರಾಠಿ ಶಾಸನ ಕೆತ್ತಿದ ಊರಿನ ಹೆಸರು ಅಚ್ಚಗನ್ನಡದ ಕೂಡಲ ಎಂಬುದೇ ಈ ನೆಲದ ಸ್ವಭಾವವನ್ನು ಹೇಳುತ್ತದೆ. ನಮ್ಮಲ್ಲಿ ಎರಡು ನುಡಿಗಳೂ ಎರಡು ಹೊಳೆಗಳಂತೆ ಬಹಳ ಹಿಂದೆಯೇ ಕೂಡಿವೆ. ಇದೇ ಪ್ರಸಂಗದಲ್ಲಿ, ಸೋಳಾ ಎಂದರೆ ಹದಿನಾರು, ಹದಿನಾರು ಹಳ್ಳಿ ಕೂಡಿ ಸೊಲ್ಲಾಪುರವಾಯಿತೆಂಬ ಕತೆಯನ್ನು ಪಾಠದಲ್ಲಿ ಹೇಳುವವರು ಸೊನ್ನಲಿಗೆ ಎಂಬ ಹಳೆಯ ರೂಪವನ್ನೂ ಕಪ್ಪುಹಲಗೆಯ ಮೇಲೆ ಬರೆದರೆ ಒಳ್ಳೆಯದು.

ರಾಘವಾಂಕನ ಸಿದ್ಧರಾಮಚಾರಿತ್ರದ ಬಗೆಗೂ ಭೂಗೋಲದ ಕಡೆಯಿಂದ ಒಂದು ದೂರು ಕೇಳಿಬರುತ್ತದೆ. ಬಾಲಕ ಸಿದ್ಧರಾಮನು ಕಾಣೆಯಾದ ಮಲ್ಲಯ್ಯನನ್ನು ಹುಡುಕುತ್ತ ಯಾತ್ರಿಕರ ಸಂಗಡ ಶ್ರೀಶೈಲಕ್ಕೆ ಹೋಗುವ ಭಾಗದಲ್ಲಿ ಕವಿ ದಾರಿಯನ್ನು ಸರಿಯಾಗಿ ಹೇಳಲಿಲ್ಲ, ಊರಿಂದೂರಿಗೆ ಲೆಕ್ಕ ಕೊಡಲಿಲ್ಲ ಎಂಬುದು ಆ ದೂರು. ಸೊಲ್ಲಾಪುರದಿಂದ ಶ್ರೀಶೈಲ ನೆಟ್ಟಗೆ ಅಳೆದರೂ ೩೬೦ ಕಿಲೋಮೀಟರು. ಪೂರ್ವಕ್ಕೆ ಹೆಚ್ಚಾಗಿ, ದಕ್ಷಿಣಕ್ಕೆ ಅದಕ್ಕಿಂತ ಕಡಿಮೆಯಾಗಿ ವಾಲಿದ ದಿಕ್ಕು. ಕಾಲ್ನಡಿಗೆಯವರಿಗೆ ಇದು ಹಲವು ದಿನಗಳ ಪಯಣ. ಇಷ್ಟು ದೊಡ್ಡ ಅಂತರವನ್ನು ಕಾವ್ಯ ಒಂದು ಹುಡುಗನ ಕೂಗಿನ ಅಳತೆಗೆ ಇಳಿಸಿಬಿಡುತ್ತದೆಂಬುದು ನಿಜ. ಆದರೆ ಅದೇ ಅದರ ಗುಣ. ತಾಯಿ ಸುಗ್ಗವ್ವೆಯ ಮನೆಯ ಅಂಗಳ ಒಂದು ಕೊನೆ, ಮಲ್ಲಿಕಾರ್ಜುನನ ಗಿರಿ ಇನ್ನೊಂದು ಕೊನೆ. ನಡುವಿನ ನೆಲ ಹುಡುಗನ ಅಳಲಿನಲ್ಲಿ ಕರಗಿಹೋಗುತ್ತದೆ. ಜನಸಂಖ್ಯೆಗೆ ತಕ್ಕಂತೆ ದೇಶಗಳನ್ನು ಹಿಗ್ಗಿಸಿ ಕುಗ್ಗಿಸಿ ಬರೆಯುವ ನಕಾಶೆಗಳುಂಟು. ಅವುಗಳಲ್ಲಿ ಮೈಲಿಗಲ್ಲನ್ನು ಹುಡುಕುವವರಿಲ್ಲ. ರಾಘವಾಂಕನದೂ ಭಕ್ತಿಗೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಿದ ನಕಾಶೆ. ಹಿಂದಿರುಗಿ ಬಂದ ಸಿದ್ಧರಾಮನು ಸೊನ್ನಲಿಗೆಯನ್ನೇ ಅಭಿನವ ಶ್ರೀಶೈಲವಾಗಿಸಿದನೆಂಬ ನಂಬಿಕೆ ಈ ಕುಗ್ಗಿಸುವಿಕೆಯ ಕೊನೆಯ ಹಂತ. ಎರಡು ಕೊನೆಗಳೂ ಒಂದೇ ಚುಕ್ಕೆಯಲ್ಲಿ ಬಂದು ಕೂಡಿದವು.

ದಾರಿಯ ನಕಾಶೆ ಬೇಕೆಂದವರಿಗೆ ಊರೊಳಗೇ ಒಂದಿದೆ. ಸಿದ್ಧರಾಮನು ಸೊನ್ನಲಿಗೆಯ ಸುತ್ತ ಐದು ಕ್ರೋಶದ ಆವರಣದಲ್ಲಿ ೬೮ ಲಿಂಗಗಳನ್ನು ಸ್ಥಾಪಿಸಿದನೆಂದು ಪ್ರತೀತಿ. ಮಕರ ಸಂಕ್ರಮಣದ ಗಡ್ಡೆಯ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಆ ಲಿಂಗಗಳನ್ನು ಪ್ರದಕ್ಷಿಣೆ ಹಾಕುತ್ತವೆ. ಎತ್ತರದ ಧ್ವಜವನ್ನು ಹೊತ್ತವನು ಮಾನ, ಪ್ರಕ್ಷೇಪ ಯಾವುದನ್ನೂ ಕೇಳುವುದಿಲ್ಲ. ಒಂದು ಲಿಂಗದ ಅನಂತರ ಯಾವುದು, ಯಾವ ಓಣಿಯಿಂದ ಹೊರಳಬೇಕು ಎಂಬ ಅನುಕ್ರಮ ಅವನ ಕಾಲಿಗೆ ಗೊತ್ತು. ರೈಲಿನ ನಿಲ್ದಾಣಗಳನ್ನು ಒಂದು ಗೆರೆಯ ಮೇಲೆ ಬರೆದು ಡಬ್ಬಿಯಲ್ಲಿ ತೂಗುಹಾಕುವ ಪಟದ ಜಾತಿಗೆ ಸೇರಿದ ನಕಾಶೆ ಇದು. ಅಂತರ ತಪ್ಪಿದರೂ ಅನುಕ್ರಮ ತಪ್ಪಕೂಡದು. ಈ ೬೮ ಸ್ಥಳಗಳನ್ನು ಅಕ್ಷಾಂಶ ರೇಖಾಂಶ ಸಹಿತ ಗುರುತಿಸಿ, ಪ್ರದಕ್ಷಿಣೆಯ ಅನುಕ್ರಮವನ್ನೂ ಪಕ್ಕದಲ್ಲಿ ಬರೆದರೆ ನಿರಪೇಕ್ಷ ಸ್ಥಾನಕ್ಕೂ ಸಾಪೇಕ್ಷ ಸ್ಥಾನಕ್ಕೂ ಇದಕ್ಕಿಂತ ಒಳ್ಳೆಯ ಪಾಠ ನಮ್ಮ ಮಕ್ಕಳಿಗೆ ಸಿಗಲಾರದು. ಪಠ್ಯಪುಸ್ತಕದಲ್ಲಿ ಲಂಡನ್ನಿನ ಗ್ರೀನಿಚ್‌ನಿಂದ ಪಾಠ ಆರಂಭವಾಗುತ್ತದೆ. ಸಿದ್ಧೇಶ್ವರ ಕೆರೆಯ ದಂಡೆಯಿಂದ ಆರಂಭಿಸಲು ಯಾವ ನಿಯಮದ ಅಡ್ಡಿಯೂ ಇಲ್ಲ.

ಈಗ ಶಿಲಾಶಾಸನ ಕಂಡಲ್ಲಿ ಕಿಸೆಯೊಳಗಿನ ಮೊಬೈಲನ್ನು ತೆಗೆದು ಸ್ಥಾನವನ್ನು ಬರೆದುಕೊಳ್ಳುವ ಸೌಕರ್ಯ ಎಲ್ಲ ಶಿಕ್ಷಕರಿಗೂ ಉಂಟು. ಆದರೆ ಆ ಅಂಕಿಗಳನ್ನು ಹಳೆಯ ಹಾಳೆಯ ಮೇಲೆ ನೇರವಾಗಿ ಇಡಕೂಡದು. ಹಳೆಯ ಹಾಳೆಗಳು ೧೮೩೦ರ ಎವರೆಸ್ಟ್ ಗೋಲಾಭವನ್ನು ಆಧಾರವಾಗಿಟ್ಟುಕೊಂಡವು. ಮೊಬೈಲು ಇಡೀ ಜಗತ್ತಿಗೆ ಅನ್ವಯಿಸುವ ೧೯೮೪ರ ಬೇರೊಂದು ಗೋಲಾಭವನ್ನು ಬಳಸುತ್ತದೆ. ಇವೆರಡರ ನಡುವೆ ನಮ್ಮ ಸೀಮೆಯಲ್ಲಿ ನೂರು ಮೀಟರಿನ ಆಸುಪಾಸು ಸರಿತವುಂಟು. ಐವತ್ತು ಸಾವಿರದ ಮಾನದಲ್ಲಿ ಅದು ಎರಡು ಮಿಲಿಮೀಟರು. ಊರ ಒಳಗಿನ ಗುಡಿ ಊರ ಹೊರಗಿನ ಹೊಲಕ್ಕೆ ಹೋಗಿ ಕೂಡಲು ಅಷ್ಟು ಸಾಕು. ಹೊಸ ಮಾಲಿಕೆಯ ಹಾಳೆಗಳು ಮೊಬೈಲಿನ ಗೋಲಾಭವನ್ನೇ ಬಳಸುವುದರಿಂದ ಅವುಗಳ ಮೇಲೆ ಗುರುತಿಸುವುದು ಲೇಸು.

ಇನ್ನು ಸಾಹಿತ್ಯ ಚರಿತ್ರೆಯ ಲೇಖನಗಳಿಗೆ ಬೇಕಾದ ಆಧಾರ ನಕಾಶೆಯ ಮಾತು. ಉತ್ತರ ಅಕ್ಷಾಂಶ ೧೨ರಿಂದ ೨೦, ಪೂರ್ವ ರೇಖಾಂಶ ೭೪ರಿಂದ ೭೯ ಇಷ್ಟನ್ನು ಚೌಕಟ್ಟಾಗಿ ಹಿಡಿಯಬೇಕೆಂದು ನಮ್ಮ ಸೂಚನೆ. ಎರಡು ಪ್ರಮಾಣ ಅಕ್ಷಾಂಶಗಳ ಶಂಕು ಪ್ರಕ್ಷೇಪ ಇದಕ್ಕೆ ಸಾಕು. ಹೊಳೆಗಳನ್ನು ಮೊದಲು ಬರೆದು, ಏರುತಗ್ಗುಗಳನ್ನು ತೆಳುವಾಗಿ ತೋರಿಸಿ, ಈಗಿನ ರಾಜ್ಯಗಳ ಎಲ್ಲೆಗಳನ್ನು ಬೇಕಾದಲ್ಲಿ ಮಾತ್ರ ಚುಕ್ಕೆಗೆರೆಯಲ್ಲಿ ಹಾಕಬೇಕು. ಆಗ ತಿರುಳಿನ ನಾಲ್ಕು ಊರು, ಮಳಖೇಡ, ಕೂಡಲಸಂಗಮ, ಹತ್ತರಸಂಗ ಕೂಡಲ, ಸೊನ್ನಲಿಗೆ, ಅಕ್ಕಲಕೋಟೆ, ಪೂರ್ವದ ಅಂಚಿಗೆ ಶ್ರೀಶೈಲ, ಇವೆಲ್ಲ ಒಂದೇ ಹಾಳೆಯಲ್ಲಿ ಕೂಡುತ್ತವೆ. ಸೊಲ್ಲಾಪುರದಿಂದ ಮೇಲಿನ ಚೌಕಟ್ಟಿಗೆ ೨೫೦ ಕಿಲೋಮೀಟರಿಗೂ ಹೆಚ್ಚು, ಪಶ್ಚಿಮದ ಚೌಕಟ್ಟಿಗೆ ೨೦೦ ಕಿಲೋಮೀಟರಿನಷ್ಟು ನೆಲ ಉಳಿಯುತ್ತದೆ. ಸೂಚಿಯ ಚೌಕವನ್ನು ಕೆಳಗಡೆ ಎಡಕ್ಕೆ, ಅರಬ್ಬೀ ಸಮುದ್ರದ ನೀರಿನ ಮೇಲೆ ಹಾಕಿಕೊಳ್ಳಬಹುದು. ಅಲ್ಲಿ ಯಾವ ಕವಿಯ ಊರೂ ಮುಚ್ಚಿಹೋಗುವುದಿಲ್ಲ.